ಹನುಮಕ್ಕನ ಅಳಿಯ

ನಮ್ಮ ವಠಾರದ ಹನುಮಕ್ಕ ತಾನು ಹೆತ್ತ ಮಗನನ್ನು ಅಳಿಯ ಎಂದು ಕರೆಯುತ್ತಾಳೆ. ತಮಾಷೆಗಲ್ಲ. ಭಾನುವಾರ ಬೆಳಗ್ಗೆ ಗೇಟಿನ ಮುಂದೆ ತಿಲಕ್‌ನ ಬೈಕು ನಿಂತ ಕೂಡಲೇ, "ಕೋಮಲಾ, ಅಳಿಯಂದ್ರು ಬಂದವ್ರೆ. ಒಳೀಕ್ ಬರ್ಬೋದಾ ಅಂತ ಕೇಳ್ತಾವ್ರೆ" ಎಂದು ಸೊಸೆಯನ್ನು ಕೂಗುತ್ತಾಳೆ. ಹೊಸದಾಗಿ ಬಾಡಿಗೆಗೆ ಬಂದವರು ಮೊದಲು ನಗುತ್ತಾರೆ, ಆಮೇಲೆ ಮಹಡಿ ಹತ್ತಿ ಬಂದು ನನ್ನ ಕಿವಿಯಲ್ಲಿ, "ಟೀಚರಮ್ಮ, ಆ ಯಮ್ಮಂಗೆ ತಲೆ ಸರಿಯಾಗೈತಾ?" ಎಂದು ಕೇಳುತ್ತಾರೆ. ತಮಿಳುನಾಡು ಗಡಿಯ ಈ ಹೊಸೂರಿನಲ್ಲಿ ಅವಳಷ್ಟು ಸರಿಯಾದ ತಲೆಯನ್ನು ನಾನು ಇನ್ನೊಂದು ಕಂಡಿಲ್ಲ. ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಹೇಳಿ ನನಗೆ ಸಾಕಾಗಿದೆ, ಒಮ್ಮೆ ಬರೆದೇ ಬಿಡುತ್ತೇನೆ.

ನಾನು ಲಕ್ಷ್ಮೀಪ್ರಿಯಾ, ಇಲ್ಲಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಮಾವನವರು ಕಟ್ಟಿಸಿದ ವಠಾರ ಇದು. ಮಹಡಿಯ ಮೇಲೆ ನಾವು, ಕೆಳಗೆ ಬಾಡಿಗೆಯವರು. ನನ್ನ ಗಂಡ ಮಧ್ವೇಶ ಯಾರ ವಿಷಯಕ್ಕೂ ತಲೆ ಹಾಕುವವರಲ್ಲ. ನಾನು ತಲೆ ಹಾಕದ ವಿಷಯ ಈ ಬೀದಿಯಲ್ಲಿ ಇಲ್ಲ. ಹಾಗಾಗಿ ನಮ್ಮ ಸಂಸಾರ ಸರಿಯಾಗಿ ನಡೆದುಕೊಂಡು ಬಂದಿದೆ.

ಹನುಮಕ್ಕ ಮಾಲೂರು ಕಡೆಯವಳು. ಗಂಡ ಬೋರಯ್ಯನಿಗೆ ಸಿಪ್ಕಾಟ್ ಕೈಗಾರಿಕಾ ವಸಾಹತಿನ ಫ್ಯಾಕ್ಟರಿಯೊಂದರಲ್ಲಿ ಲಾರಿಗೆ ಮಾಲು ತುಂಬುವ ಕೆಲಸ ಸಿಕ್ಕಿದಾಗ, ಕೈಗೂಸು ತಿಲಕ್‌ನನ್ನು ಎತ್ತಿಕೊಂಡು ನಮ್ಮ ಕೆಳಮನೆಗೆ ಬಂದವಳು ಇವತ್ತಿಗೂ ಅಲ್ಲೇ ಇದ್ದಾಳೆ. ತೊರಪಲ್ಲಿ ಅಗ್ರಹಾರದ ಕಡೆಗೆ ಹೋಗುವ ದಾರಿಯಲ್ಲಿ ಪ್ಲಾಸ್ಟಿಕ್ ಚಪ್ಪರದ ಗುಲಾಬಿ ತೋಟಗಳಿವೆಯಲ್ಲ, ಅದರಲ್ಲೊಂದು ತೋಟದಲ್ಲಿ ಹೂ ಕೊಯ್ಯುತ್ತಾಳೆ. ಬೆಳಗ್ಗೆ ವ್ಯಾನ್ ಬಂದು ಕರೆದೊಯ್ಯುತ್ತದೆ, ಮಧ್ಯಾಹ್ನ ತಂದು ಬಿಡುತ್ತದೆ. ಕೈಗವಸು ಹಾಕಿದರೂ ಮುಳ್ಳು ಬಿಡುವುದಿಲ್ಲ, ಅಂಗೈ ತುಂಬ ಗೀರು. ಗುಲಾಬಿ ಕಂಡರೆ ಅವಳಿಗಾಗದು. ನನ್ನ ದೇವರ ಮನೆಗೆ ಯಾರಾದರೂ ಗುಲಾಬಿ ತಂದುಕೊಟ್ಟರೆ, "ಅಯ್ಯೋ, ಇಲ್ಲೂ ಬಂತಾ ಮೂದೇವಿ" ಎನ್ನುತ್ತಾಳೆ. ಮುಡಿಯುವುದಕ್ಕೆ ಅವಳಿಗೆ ಕನಕಾಂಬರವೇ ಆಗಬೇಕು.

ಬೋರಯ್ಯ ಪ್ರಾಯದಲ್ಲಿ ಹೆಂಡತಿಯನ್ನು ಹೊಡೆಯುತ್ತಿದ್ದ. ವಠಾರಕ್ಕೆಲ್ಲ ಗೊತ್ತಿದ್ದ ವಿಷಯ. ಮಾಲು ಇಳಿಸುವಾಗ ಲಾರಿಯಿಂದ ಬಿದ್ದು ಬಲಭುಜ ಕೆಟ್ಟ ಮೇಲೆ ಅವನು ಮೆತ್ತಗಾದ. ಈಗ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುವ, ಹುರಿಗಡಲೆ ಪೊಟ್ಟಣ ಕೊಡಿಸುವ ಒಳ್ಳೆಯ ತಾತ. ಜನ ಅವನನ್ನು ನೋಡಿ, ವಯಸ್ಸಾದ ಮೇಲೆ ಎಲ್ಲ ಗಂಡಸರೂ ಸರಿಹೋಗುತ್ತಾರೆ ಎಂದು ಹೊಸ ಸೊಸೆಯರಿಗೆ ಸಮಾಧಾನ ಹೇಳುತ್ತಿದ್ದರು. ಈ ಸಮಾಧಾನ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಮಗ ತಿಲಕ್ ಬಿಡಿಭಾಗಗಳ ಫ್ಯಾಕ್ಟರಿಯೊಂದರಲ್ಲಿ ಲೈನ್ ಲೀಡರ್. ಹೊರಗೆ ಅವನಂಥ ಹುಡುಗ ಇಲ್ಲ. ತಮಿಳರ ಹತ್ತಿರ ತಮಿಳು, ರೆಡ್ಡಿಗಳ ಹತ್ತಿರ ತೆಲುಗು, ನಮ್ಮ ಹತ್ತಿರ ಕನ್ನಡ, ಮೂರರಲ್ಲೂ ನಗುನಗುತ್ತಾ ಮಾತು. ಗ್ಯಾಸ್ ಸಿಲಿಂಡರ್ ಮಹಡಿಗೆ ಹೊತ್ತು ತಂದುಕೊಡುವವನು ಅವನೇ, ನಮ್ಮವರಿಗೆ ಎದೆನೋವು ಬಂದಾಗ ಆಸ್ಪತ್ರೆಗೆ ಓಡಿದವನೂ ಅವನೇ. ಫ್ಯಾಕ್ಟರಿಯಲ್ಲಿ ಮ್ಯಾನೇಜರು ಎಲ್ಲರೆದುರು ಬೈದರೂ ತಲೆ ತಗ್ಗಿಸಿ "ಸರಿ ಸಾರ್" ಅನ್ನುವವನು.

ಅವನ ಹೆಂಡತಿ ಕೋಮಲಾ ಉದ್ದನಪಲ್ಲಿಯವಳು. ಮದುವೆಗೆ ಮುಂಚೆ ಗಾಡಿಗಳಿಗೆ ವಯರಿಂಗ್ ಜೋಡಿಸುವ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಮಗಳು ಸಿಂಚನಾ ಹುಟ್ಟಿದ ಮೇಲೆ ತಿಲಕ್ ಅದನ್ನು ಬಿಡಿಸಿದ. ಆಮೇಲೆ ಒಂದೊಂದಾಗಿ ಶುರುವಾಯಿತು. ಯಾರ ಜೊತೆ ಫೋನಿನಲ್ಲಿ ಮಾತು, ನಾನು ಕರೆದಾಗ ಯಾಕೆ ಎತ್ತಲಿಲ್ಲ, ಆ ಸೀರೆ ಯಾಕೆ, ಬಾಗಿಲಲ್ಲಿ ಯಾಕೆ ನಿಂತಿದ್ದೆ. ಮಾತಿನಿಂದ ಕೈಗೆ ಬಂತು. ಮುಖಕ್ಕೆ ಮಾತ್ರ ಹೊಡೆಯುತ್ತಿರಲಿಲ್ಲ, ಮುಖದ ಪೆಟ್ಟು ಎಲ್ಲರಿಗೂ ಕಾಣುತ್ತದೆ. ಕೇಳಿದರೆ, "ಕೋಪ ಬಂದ್ರೆ ನನ್ಗೆ ಕಣ್ಣೇ ಕಾಣ್ಸಲ್ಲ" ಎನ್ನುತ್ತಿದ್ದ. ಕಣ್ಣು ಕಾಣದವನಿಗೆ ಬೆನ್ನು ಯಾವುದು ಮುಖ ಯಾವುದು ಎಂದು ಹೇಗೆ ಗೊತ್ತಾಗುತ್ತಿತ್ತೋ!

ಸಂಜೆ ಶಿಫ್ಟ್ ಮುಗಿದು ಅವನ ಬೈಕಿನ ಸದ್ದು ಗೇಟಿನಲ್ಲಿ ಕೇಳಿದರೆ ಸಿಂಚನಾ ಓಡಿಹೋಗಿ ಟೀವಿಯ ಸದ್ದು ಇಳಿಸುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಅಪ್ಪ ಬರುವಾಗ ಮನೆಯಲ್ಲಿ ಏನೂ ಕೇಳಿಸಬಾರದು ಎಂದು ಆ ಮಗು ತಾನೇ ಕಲಿತುಕೊಂಡಿತ್ತು. ಆಮೇಲೆ ಒಳಗೆ ಗಲಾಟೆ ಶುರುವಾದರೆ ಅಕ್ಕಪಕ್ಕದ ಮನೆಯವರು ತಮ್ಮ ಟೀವಿಯನ್ನು ಜೋರು ಮಾಡಿಕೊಳ್ಳುತ್ತಿದ್ದರು.

ಪೆಟ್ಟು ಹೆಚ್ಚಾದಾಗ ಕೋಮಲಾ ಮಗಳನ್ನು ಕರೆದುಕೊಂಡು ಉದ್ದನಪಲ್ಲಿಗೆ ಬಸ್ಸು ಹತ್ತುತ್ತಿದ್ದಳು. ಆಗ ಬೋರಯ್ಯನ ಕಡೆಯ ಹಿರಿಯ ಮುತ್ತರಾಯಪ್ಪ ಬಿಳಿ ಪಂಚೆ ಉಟ್ಟು ಹೊರಡುತ್ತಿದ್ದ. ಅಲ್ಲಿ ಚಾಪೆ ಹಾಸಿ, ವೀಳ್ಯದೆಲೆ ತಟ್ಟೆ ಮುಂದಿಟ್ಟುಕೊಂಡು ನ್ಯಾಯ. ತಿಲಕ್ ಎಲ್ಲರೆದುರು ಅತ್ತು, ಅತ್ತೆಯ ಕಾಲು ಹಿಡಿದು, "ತಪ್ಪಾಯ್ತು" ಎನ್ನುವುದು. "ಗಂಡ್ಸು ಕಾಲಿಗೆ ಬಿದ್ಮ್ಯಾಲೆ ಇನ್ನೇನಮ್ಮ, ಹೊರಡು" ಎಂದು ಮುತ್ತರಾಯಪ್ಪ ಕೋಮಲಾಳಿಗೆ ಹೇಳುವುದು. ಬರುವ ದಾರಿಯಲ್ಲೇ ಹೊಸ ಸೀರೆ, ಜಿಲೇಬಿ, ಸಿಂಚನಾಳಿಗೆ ಗೊಂಬೆ. ಸ್ವಲ್ಪ ದಿನ ಅವನೇ ಕಾಫಿ ಮಾಡಿ ತಂದುಕೊಡುವುದೂ ಉಂಟು. ಆಮೇಲೆ ಮತ್ತೆ ಫೋನ್ ಯಾಕೆ ಎತ್ತಲಿಲ್ಲ ಎಂದು ಶುರು. ಜಿಲೇಬಿ ಪೊಟ್ಟಣ ಬಂತೆಂದರೆ ಹನುಮಕ್ಕ ಅದನ್ನು ಮುಟ್ಟುತ್ತಿರಲಿಲ್ಲ.

ಅವಳು ಮಗನಿಗೆ ಬೈಯದೆ ಇರಲಿಲ್ಲ. ಬೈದಿದ್ದಳು, ಅಡ್ಡ ಹೋಗಿ ತಾನೂ ತಳ್ಳಿಸಿಕೊಂಡಿದ್ದಳು, ಮುನೇಶ್ವರನಿಗೆ ಹರಕೆ ಹೊತ್ತಿದ್ದಳು. ಕೆಟ್ಟ ಗಳಿಗೆಯಲ್ಲಿ ಹುಟ್ಟಿದ, ಕೋಪ ರಕ್ತದಲ್ಲೇ ಬಂದಿದೆ ಎಂದು ತನ್ನನ್ನು ತಾನೇ ನಂಬಿಸಿಕೊಂಡಿದ್ದಳು. ಆ ನಂಬಿಕೆ ಹೋದದ್ದು ಒಂದು ಯುಗಾದಿಯಲ್ಲಿ.

ಹಬ್ಬದ ಊಟಕ್ಕೆಂದು ಎಲ್ಲರೂ ಉದ್ದನಪಲ್ಲಿಯ ಬೀಗರ ಮನೆಗೆ ಹೋಗಿದ್ದರು. ತಿಲಕ್ ಅಲ್ಲಿ ಕೋಮಲಾಳ ತಾಯಿಗೆ ಕೊಡ ಎತ್ತಿ ಕೊಟ್ಟ, ತನ್ನ ಎಲೆ ತಾನೇ ಎತ್ತಿದ. ಅಷ್ಟರಲ್ಲಿ ಕೋಮಲಾಳ ಅಣ್ಣನ ಪುಟ್ಟ ಮಗ ತಿಲಕ್‌ನ ಹೊಸ ಫೋನನ್ನು ಎತ್ತಿಕೊಂಡು ಹೋಗಿ ಹಸುವಿನ ಕಲಗಚ್ಚಿನ ಬಾನಿಗೆ ಹಾಕಿಬಿಟ್ಟ. ಕೋಮಲಾ ಗೋಡೆಗೆ ಒರಗಿದಳು. ತಿಲಕ್ ತೋಳು ಮಡಿಸಿ ಬಾನಿಯಿಂದ ಫೋನು ತೆಗೆದು, ಒರೆಸಿ, ನಕ್ಕ. "ಬುಡಿ ಅಕ್ಕ, ಮಗು ಅಲ್ವಾ. ಫೋನ್ ಹೋದ್ರೆ ಇನ್ನೊಂದು ತಕ್ಕೊಂಡ್ರಾಯ್ತು" ಎಂದು ಹುಡುಗನ ತಾಯಿಗೆ ಹೇಳಿ ಅವನ ಕೆನ್ನೆ ಹಿಂಡಿದ. ಅದೇ ಫೋನಿನಿಂದ ತಾನು ಮಾಡಿದ ಕರೆಯನ್ನು ಎತ್ತಲು ತಡವಾಯಿತೆಂದು ಹಿಂದಿನ ವಾರವಷ್ಟೇ ಕೋಮಲಾಳ ತೋಳು ತಿರುಚಿದ್ದ.

ಹನುಮಕ್ಕನ ಕೈಯ ಒಬ್ಬಟ್ಟು ಕೈಯಲ್ಲೇ ಉಳಿಯಿತು. ಮರುದಿನ ತೋಟದಿಂದ ಬಂದವಳೇ ನೇರ ಮಹಡಿ ಹತ್ತಿದಳು.

"ಟೀಚರಮ್ಮ, ಅವ್ನಿಗೆ ಕೋಪ ಹಿಡ್ಕೊಳಾಕೆ ಬತ್ತದೆ ಕಣಮ್ಮ. ಕಣ್ಣಾರೆ ನೋಡ್ಬುಟ್ಟೆ. ಕಣ್ ಕಾಣಾಕಿಲ್ಲ ಅಂತಿದ್ನಲ್ಲ, ಎಲ್ಲಾ ಚೆನ್ನಾಗೇ ಕಾಣ್ತದೆ. ಇದು ಅತ್ತೆ ಮನೆ ಅಂತ ಕಾಣ್ತದೆ, ಇದು ನಮ್ಮನೆ ಅಂತ ಕಾಣ್ತದೆ. ಅವ್ನಿಗೆ ಕಾಯ್ಲೆ ಇಲ್ಲ, ಧೈರ್ಯ ಐತೆ. ನಮ್ಮನೇಲಿ ಯಾರೂ ಏನೂ ಕೇಳಾಕಿಲ್ಲ ಅನ್ನೋ ಧೈರ್ಯ."

ಫ್ಯಾಕ್ಟರಿಯ ಟೆನ್ಶನ್ ಇರಬಹುದು ಹನುಮಕ್ಕ ಎಂದೆ ನಾನು, ಟೀವಿಯಲ್ಲಿ ಯಾರೋ ಹೇಳಿದ್ದನ್ನು ನೆನೆದು.

"ನಂಗಿಲ್ವಾ ಟೆನ್ಸನ್ನು? ದಿನಾ ಮುಳ್ಳು ಚುಚ್ಚುಸ್ಕೊಂಡು ಬತ್ತೀನಿ, ಬಂದು ಯಾರನ್ನ ಹೊಡೀತೀನಿ?" ಎಂದು ಅಂಗೈಯ ಗೀರು ತೋರಿಸಿದಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಕೋಮಲಾಳ ಹಳೆಯ ಕಂಪನಿಯಿಂದ ಗೆಳತಿ ಫೋನ್ ಮಾಡಿ, ಜಾಗ ಖಾಲಿ ಇದೆ, ಬರುತ್ತೀಯಾ ಎಂದು ಕೇಳಿದಳು. ಕೋಮಲಾ ಆ ದಿನ ಗಂಡನನ್ನು "ಹೋಗಲಾ" ಎಂದು ಕೇಳಲಿಲ್ಲ, "ಹೋಗ್ತೀನಿ" ಎಂದಳು. ಅಷ್ಟೇ. ಹನುಮಕ್ಕ ವ್ಯಾನಿನಿಂದ ಇಳಿದು ಬರುವಷ್ಟರಲ್ಲಿ ಕೋಮಲಾ ಮುರಿದ ಮುಂಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ತಿಲಕ್ ಬೈಕು ಹತ್ತಿ ಎಲ್ಲಿಗೋ ಹೋಗಿದ್ದ. ಸಿಂಚನಾ ಸದ್ದಿಲ್ಲದ ಟೀವಿಯ ಮುಂದೆ ಕೂತಿದ್ದಳು.

ಆಟೋ ಕರೆಸಿ ಆಸ್ಪತ್ರೆಗೆ ಹೋದೆವು. ಪ್ಲಾಸ್ಟರ್ ಕಟ್ಟು ಹಾಕಿಸಿಕೊಂಡು ಅಲ್ಲಿಂದ ಮಹಿಳಾ ಪೊಲೀಸ್ ಠಾಣೆಗೆ. ಹನುಮಕ್ಕನಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತದೆ, ಆದರೂ ಓದಿದವರೊಬ್ಬರು ಜೊತೆಗಿರಲಿ ಎಂದು ನನ್ನನ್ನು ಎಳೆದುಕೊಂಡು ಹೋದಳು. ಹೆತ್ತ ತಾಯಿಯೇ ಮಗನ ಮೇಲೆ ಹೇಳಿಕೆ ಕೊಡುವುದನ್ನು ಕೇಳಿ ಅಲ್ಲಿಯ ಮೇಡಂ ಎದ್ದು ನಿಂತು ಅವಳಿಗೆ ನೀರು ಕೊಟ್ಟರು. ತಿಲಕ್‌ನನ್ನು ಕರೆಸಿ ಎಚ್ಚರಿಕೆ ಕೊಟ್ಟು, ವಾರಕ್ಕೊಮ್ಮೆ ಆಪ್ತಸಲಹೆಗೆ ಹೋಗಬೇಕೆಂದು ಬರೆಸಿಕೊಂಡರು. ದೂರು ಮುಂದುವರಿಸುವುದು ಕೋಮಲಾಳ ಕೈಯಲ್ಲಿ ಉಳಿಯಿತು.

ಅದು ಪೊಲೀಸಿನ ಕೆಲಸವಾಯಿತು. ಇನ್ನುಳಿದದ್ದು ಹನುಮಕ್ಕನದು.

ಮುಂದಿನ ಭಾನುವಾರ ಎಂದಿನಂತೆ ಮುತ್ತರಾಯಪ್ಪ ತಿಲಕ್‌ನನ್ನು ಕರೆದುಕೊಂಡು ಬಂದ. ಅಷ್ಟು ದಿನ ತಿಲಕ್ ಗೆಳೆಯನ ರೂಮಿನಲ್ಲಿದ್ದ. ಕೋಮಲಾಳ ತಾಯಿ, ಅಣ್ಣ ಕೂಡ ಉದ್ದನಪಲ್ಲಿಯಿಂದ ಬಂದಿದ್ದರು. ಹನುಮಕ್ಕ ಅಂಗಳ ಸಾರಿಸಿ ರಂಗೋಲಿ ಬಿಟ್ಟು, ಮಣೆ ಹಾಕಿ, ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ವೀಳ್ಯದೆಲೆ, ರವಿಕೆ ಬಟ್ಟೆ ಎಲ್ಲ ಜೋಡಿಸಿದ್ದಳು. ಅದನ್ನು ಕಂಡು ಮುತ್ತರಾಯಪ್ಪನ ಮುಖ ಅರಳಿತು.

"ಏನ್ ಹನುಮಕ್ಕ, ನಾನ್ ಬರೋಕ್ಮುಂಚೆ ಎಲ್ಲಾ ರೆಡಿ ಮಾಡ್ಬುಟ್ಟಿದ್ದೀಯ! ಹಿಂಗಿರ್ಬೇಕು ಅತ್ತೆ ಅಂದ್ರೆ."

ಎಲ್ಲರೂ ರಾಜಿಗೆ ಸಿದ್ಧತೆ ಎಂದೇ ತಿಳಿದರು. ತಿಲಕ್ ಆಗಲೇ ಕಣ್ಣು ಒದ್ದೆ ಮಾಡಿಕೊಂಡು ಕಾಲಿಗೆ ಬೀಳಲು ಅಣಿಯಾಗಿದ್ದ. ಹನುಮಕ್ಕ ಕೋಮಲಾಳನ್ನು ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಕಟ್ಟು ಹಾಕಿದ ಕೈಗೆ ತಾಗದಂತೆ ಸೆರಗು ಹಿಡಿಸಿ ಮಡಿಲು ತುಂಬಿದಳು. ತವರಿಗೆ ಬಂದ ಮಗಳಿಗೆ ಹೀಗೆ ಮಡಿಲು ತುಂಬುವುದು ರೂಢಿ, ಅತ್ತೆ ಮನೆಯಲ್ಲಿ ಯಾಕೆ ಎಂದು ಕೋಮಲಾಳ ತಾಯಿ ಗಲಿಬಿಲಿಗೊಂಡಳು.

"ಎಲ್ರೂ ಕೇಳ್ಸ್ಕಳಿ," ಎಂದಳು ಹನುಮಕ್ಕ. "ಇವತ್ತಿಂದ ಇವ್ಳು ನನ್ ಮಗ್ಳು. ಈ ಮನೆ ಇವ್ಳ ತವ್ರುಮನೆ."

"ಬೋ ಸಂತೋಸ ಕಣಮ್ಮ," ಎಂದ ಮುತ್ತರಾಯಪ್ಪ. ಆಮೇಲೆ ಯೋಚಿಸಿ ನಕ್ಕ. "ಅಲ್ಲ, ಇವ್ಳು ಮಗ್ಳಾದ್ರೆ ಗಂಡ ಹೆಂಡ್ರು ಅಣ್ಣ ತಂಗಿ ಆಗ್ಬುಡ್ತಾರಲ್ಲಮ್ಮ?"

"ಯಾಕಾಯ್ತಾರೆ? ಅವ್ನು ನನ್ ಮಗ ಅಲ್ವಲ್ಲ. ಅಳಿಯ."

ಅಂಗಳದಲ್ಲಿ ಎಲ್ಲರೂ ನಕ್ಕರು. ತಿಲಕ್ ಕೂಡ ನಕ್ಕ. ಹನುಮಕ್ಕ ಒಳಗೆ ಹೋಗಿ ಅವನ ಬಟ್ಟೆಬರೆ ತುಂಬಿದ ಬ್ಯಾಗನ್ನು ತಂದು ಮೆಟ್ಟಿಲ ಮೇಲೆ ಇಟ್ಟಾಗ ನಗು ನಿಂತಿತು.

"ಅತ್ತೆ ಮನೇಲಿ ನೀನು ಚಿನ್ನದಂಥ ಮನ್ಸ ಕಣ್ಲಾ. ಉದ್ದನಪಲ್ಲೀಲಿ ನಾನೇ ನೋಡಿವ್ನಿ. ಅದಕ್ಕೇ ಇದ್ನೂ ನಿಂಗೆ ಅತ್ತೆ ಮನೇನೇ ಮಾಡಿವ್ನಿ. ಅಳಿಯ ಅನ್ನೋನು ಅತ್ತೆ ಮನೇಲಿ ಬಿದ್ದಿರಾಕಿಲ್ಲ. ಭಾನ್ವಾರ ಬಾ. ಗೇಟ್‌ತಾವ ನಿಂತ್ಕೊಂಡು ಕೇಳು. ಮಗ್ಳು ಬಾ ಅಂದ್ರೆ ಬಾ. ಊಟ ಮಾಡು, ಮಗೂನ ಮಾತಾಡ್ಸು, ಹೊತ್ತು ಮುಳುಗಾಕ್ಮುಂಚೆ ಹೊರಡು."

"ಅಮ್ಮ, ನಿಂಗೇನ್ ತಲೆ ಕೆಟ್ಟೈತಾ? ಇದು ನನ್ ಮನೆ!" ತಿಲಕ್‌ನ ಕಣ್ಣೀರು ಆಗಲೇ ಒಣಗಿತ್ತು. ಮಹಡಿಯಲ್ಲಿ ನಿಂತಿದ್ದ ನನ್ನತ್ತ ನೋಡಿ, "ಮೇಡಂ, ಮನೆ ಯಾರ ಹೆಸರಲ್ಲೈತೆ, ನೀವೇ ಹೇಳಿ" ಎಂದ.

ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಹಿಂದಿನಿಂದ ಮಧ್ವೇಶ, "ಹನುಮಕ್ಕನಿಗೆ ಕೊಟ್ಟ ಮನೆಯಪ್ಪ ಅದು. ಮೊದಲಿಂದಲೂ ಅವಳಿಗೇ" ಎಂದರು. ಮದುವೆಯಾದ ಮೇಲೆ ಅವರು ಇನ್ನೊಬ್ಬರ ವಿಷಯಕ್ಕೆ ತಲೆ ಹಾಕಿದ್ದು ಅದೇ ಮೊದಲು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಸಂಜೆ ಹೀರೇಕಾಯಿ ಬಜ್ಜಿ ಮಾಡಿದೆ.

ಅಳಿಯನಾಗುವುದು ತಿಲಕ್‌ಗೆ ಸುಲಭವಾಗಲಿಲ್ಲ. ಮೊದಮೊದಲು ಬರಲೇ ಇಲ್ಲ. ಆಮೇಲೆ ಅಮ್ಮನಿಗೆ ಹುಚ್ಚು ಹಿಡಿದಿದೆ, ಹೆಂಡತಿ ಮಾಟ ಮಾಡಿಸಿದ್ದಾಳೆ ಎಂದು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದ. ಅದು ನಡೆಯದಾಗ, ಸತ್ತುಹೋಗುತ್ತೇನೆ ಎಂದು ಫೋನಿನಲ್ಲಿ ಅತ್ತ. ಹನುಮಕ್ಕ ಕೂಡಲೇ ಅವನ ಜೊತೆಗಾರನಿಗೆ ಫೋನ್ ಮಾಡಿ, ಒಬ್ಬನೇ ಬಿಡಬೇಡ, ಆಪ್ತಸಲಹೆಯವರ ಹತ್ತಿರ ಕರೆದುಕೊಂಡು ಹೋಗು ಎಂದಳು. ಆದರೆ ಬ್ಯಾಗು ವಾಪಸ್ ಒಳಗೆ ಬರಲಿಲ್ಲ. ಆಮೇಲೊಂದು ಭಾನುವಾರ ಸೀರೆ, ಜಿಲೇಬಿ ಹಿಡಿದು ಗೇಟಿನಲ್ಲಿ ನಿಂತ. "ಜಿಲೇಬಿ ತಂದೋರ್ನ ಈ ಮನೇಲಿ ಒಳೀಕ್ ಬಿಡಾಕಿಲ್ಲ" ಎಂದು ಹನುಮಕ್ಕ ವಾಪಸ್ ಕಳಿಸಿದಳು. ಮುಂದಿನ ವಾರ ಬರಿಗೈಯಲ್ಲಿ ಬಂದ. ಕೋಮಲಾ, "ಬರ್ಲಿ" ಎಂದಳು. ಜಗಲಿಯಲ್ಲಿ ಕೂರಿಸಿ ಊಟ ಬಡಿಸಿದರು.

ನೀವು ಅವನನ್ನು ಆಗ ನೋಡಬೇಕಿತ್ತು. ಸಾರಿಗೆ ಉಪ್ಪು ಕಡಿಮೆಯಿದ್ದರೂ ಚೆನ್ನಾಗಿದೆ ಎಂದು ಉಣ್ಣುತ್ತಿದ್ದ. ಹನುಮಕ್ಕ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಜಾಗ ಬದಲಾದ ಕೂಡಲೇ ಕೈ ಬದಲಾಗಿತ್ತು. ಆದರೆ ಅದಕ್ಕೆ ಮರುಳಾಗುವಷ್ಟು ದಡ್ಡಿಯಲ್ಲ ಅವಳು. "ಇದು ನಾಟ್ಕ ಟೀಚರಮ್ಮ. ಉದ್ದನಪಲ್ಲೀಲಿ ಆಡ್ತಿದ್ದ ನಾಟ್ಕಾನೆ. ಆಡ್ಲಿ. ಆಡ್ತಾ ಆಡ್ತಾ ಅಭ್ಯಾಸ ಆಯ್ತದೋ ಏನೋ ನೋಡನ" ಎನ್ನುತ್ತಿದ್ದಳು.

ಈ ನಡುವೆ ಕೋಮಲಾಳ ಕೈ ಕೂಡಿತು. ಅವಳು ವಯರಿಂಗ್ ಕಂಪನಿಗೆ ಹೋಗತೊಡಗಿದಳು, ಫೋನಿಗೆ ತನ್ನದೇ ಬೀಗದ ನಂಬರು ಹಾಕಿಕೊಂಡಳು. ಮೊದಮೊದಲು ಕೆಲಸದಿಂದ ಬರುವುದು ಸ್ವಲ್ಪ ತಡವಾದರೆ ಗೇಟಿನಿಂದಲೇ ಕಾರಣ ಹೇಳಿಕೊಂಡು ಬರುತ್ತಿದ್ದಳು. "ಯಾರ್ ಕೇಳಿದ್ರವ್ವ ನಿನ್ನ?" ಎಂದು ಹನುಮಕ್ಕ ನಕ್ಕು ನಕ್ಕು ಆ ಅಭ್ಯಾಸ ಬಿಡಿಸಿದಳು.

ಬೋರಯ್ಯನಿಗೆ ಮಾತ್ರ ಇದು ಸಹಿಸಲಾಗಲಿಲ್ಲ. ಮಗ ಜಗಲಿಯಲ್ಲಿ ಉಣ್ಣುವುದು ನೋಡಿ ಒಳಗೊಳಗೇ ಗೊಣಗುತ್ತಿದ್ದ. ಒಂದು ಭಾನುವಾರ ತಿಲಕ್ ಇದೇ ಸಮಯ ಎಂದು ಅಪ್ಪನನ್ನು ಸಾಕ್ಷಿಗೆ ಕರೆದ.

"ನೀನೇ ಹೇಳಪ್ಪ. ನೀನೂ ಹೊಡೀತಿದ್ದೆ. ಅಮ್ಮ ಓಡೋದ್ಲಾ? ಕಾಲ ಬಂದಾಗ ನೀನೇ ಬಿಟ್ಬುಟ್ಟೆ. ನಾನೂ ಬಿಡ್ತಿದ್ದೆ ತಾನೇ?"

ಬೋರಯ್ಯ ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತಾ ಕೂತಿದ್ದ. ಹನುಮಕ್ಕ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

"ನಾನ್ ಬಿಟ್ಟಿದ್ದಲ್ಲ ಕಣ್ಲಾ," ಎಂದ ಕೊನೆಗೆ. "ಭುಜ ಹೋಯ್ತು. ಕೈ ಮ್ಯಾಕೇಳ್ನಿಲ್ಲ. ಎದ್ದಿದ್ರೆ ಇವತ್ಗೂ ಹೊಡೀತಿದ್ನೋ ಏನೋ. ಎಲ್ರೂ ಬೋರಯ್ಯ ಸರಿಹೋದ ಅಂದ್ರು, ನಾನೂ ಹೂಂ ಅಂದ್ಕೊಂಡು ಕುಂತಿದ್ದೆ. ನಿಮ್ಮಮ್ಮ ಓಡೋಗ್ನಿಲ್ಲ ಅಂದ್ರೆ, ಓಡೋಗಾಕೆ ಅವ್ಳಿಗೆ ಜಾಗ ಇರ್ನಿಲ್ಲ ಕಣ್ಲಾ. ನನ್ ನೋಡಿ ಕಲ್ತಿದ್ದೀಯ. ನನ್ನಂಗ್ ಆಗ್ಬ್ಯಾಡ."

ಹನುಮಕ್ಕನ ಕೈಯ ಅವರೆಕಾಯಿ ಕೆಳಗೆ ಬಿತ್ತು. ಪೊಲೀಸ್ ಠಾಣೆಯಲ್ಲೂ ಅಳದಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ಇಷ್ಟ್ ದಿನಕ್ಕೆ ನೆಪ್ಪಾಯ್ತಾ ನಿಂಗೆ?" ಎಂದಳು ಗಂಡನಿಗೆ. ಬೋರಯ್ಯ ಎರಡು ಕೈ ಜೋಡಿಸಲು ಹೋದ. ಬಲಗೈ ಅರ್ಧಕ್ಕೇ ನಿಂತಿತು. ಆ ಸಂಜೆ ಅವನಿಗೆ ಕಾಫಿ ಸಿಗಲಿಲ್ಲ, ಅವನು ಕೇಳಲೂ ಇಲ್ಲ. ಮಾರನೆಯ ಬೆಳಗ್ಗೆ ತಾನೇ ಒಲೆ ಹಚ್ಚಿ, ಅಷ್ಟು ಇಷ್ಟು ಚೆಲ್ಲಿ, ಹೆಂಡತಿಗೆ ಕಾಫಿ ಮಾಡಿಕೊಟ್ಟ. ಅದು ಕುಡಿಯುವ ಹಾಗಿರಲಿಲ್ಲವಂತೆ. ಕುಡಿದೆ ಎಂದಳು ನನಗೆ.

ಆ ಭಾನುವಾರದ ನಂತರ ತಿಲಕ್ ಮಾತು ಕಡಿಮೆ ಮಾಡಿದ. ಆಪ್ತಸಲಹೆಗೆ ಅಲ್ಲಿಯವರೆಗೆ ಪೊಲೀಸಿನ ಹೆದರಿಕೆಗೆ ಹೋಗುತ್ತಿದ್ದವನು ಈಗ ಶಿಫ್ಟ್ ಬದಲಾಯಿಸಿಕೊಂಡು ಹೋಗತೊಡಗಿದ. ಒಮ್ಮೆ ನನಗೆ ಸಿಲಿಂಡರ್ ತಂದುಕೊಟ್ಟು, ಬಾಗಿಲಲ್ಲೇ ನಿಂತ.

"ಮೇಡಂ, ಗೇಟ್ ದಾಟಿದ ತಕ್ಷಣ ಇದೆಲ್ಲ ನಂದು ಅನ್ನಿಸ್ತಿತ್ತು. ಕೋಮಲಾನೂ ನಂದು. ನಂದು ಅಂದ್ಮೇಲೆ ನಾನ್ ಹೇಳ್ದಂಗೆ ಇರ್ಬೇಕು, ಇಲ್ಲಾಂದ್ರೆ ನಂಗೆ ಮರ್ಯಾದೆ ಇಲ್ಲ ಅನ್ನಿಸ್ತಿತ್ತು. ಅವ್ಳು ಹೋಗ್ತೀನಿ ಅಂದ್ಳಲ್ಲ ಅವತ್ತು, ನಂಗೆ ಕೋಪಕ್ಕಿಂತ ಮೊದ್ಲು ಭಯ ಆಗಿದ್ದು."

"ಏನ್ ಭಯ?"

"ಇವ್ಳಿಗೆ ನಾನ್ ಬೇಕಾಗಿಲ್ಲ ಅಂತ." ಕೆಳಗೆ ನೋಡಿಕೊಂಡೇ ಹೇಳಿದ. "ಕೈ ಮುರ್ದೋಯ್ತು ಅಂತಿದ್ದೆ ಇಷ್ಟ್ ದಿನ. ಮುರ್ದಿದ್ದು ನಾನು ಮೇಡಂ."

ಅವನ ಮೇಲಿನ ಸಿಟ್ಟು ನನಗೆ ಪೂರ್ತಿ ಹೋಗಿಲ್ಲ, ಹೋಗುವುದೂ ಬೇಡ. ಆದರೆ ಆ ಮಾತನ್ನು ಅವನಿಂದ ಯಾರೂ ಹೇಳಿಸಿದ್ದಲ್ಲ. ಅದು ನನಗೆ ಸಮಾಧಾನ ಕೊಟ್ಟಿತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಕೋಮಲಾ ತಾನಾಗಿಯೇ ಹನುಮಕ್ಕನ ಮುಂದೆ ವಿಷಯ ಎತ್ತಿದಳು. ಮುಂದಿನ ಭಾನುವಾರ ಅವರು ಬ್ಯಾಗ್ ತಂದು ಇಲ್ಲೇ ಇರಲಿ ಎಂದಳು. ಹನುಮಕ್ಕ, "ನಾನ್ ಹೇಳ್ದೆ ಅಂತ ಬ್ಯಾಡ, ಮಗೂಗೋಸ್ಕರ ಅಂತಾನೂ ಬ್ಯಾಡ. ನಿನ್ ಮನ್ಸು ಹೇಳಿದ್ರೆ ಮಾತ್ರ" ಎಂದಳು. ತಿಲಕ್‌ಗೆ ಸುದ್ದಿ ಹೋಯಿತು. ವಠಾರಕ್ಕೆಲ್ಲ ಗೊತ್ತಾಯಿತು, ಗೊತ್ತುಮಾಡಿದವಳು ನಾನೇ ಇರಬಹುದು.

ಅದು ಹೋದ ಭಾನುವಾರ. ನಾನು ಬೆಳಗ್ಗೆಯಿಂದ ಮಹಡಿಯ ಕಟ್ಟೆಗೆ ಆನಿಕೊಂಡು, ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಿಸುತ್ತಿದ್ದೆ. ತಿಲಕ್ ಬೈಕು ನಿಲ್ಲಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಗೇಟು ತೆರೆದು ಹೊರಗೇ ನಿಂತ. ಕ್ಷೌರ ಮಾಡಿಸಿಕೊಂಡು ಬಂದಿದ್ದ. ಬೋರಯ್ಯ ಜಗಲಿಯಿಂದ ಎದ್ದು ನಿಂತ. ಹನುಮಕ್ಕ ಎಂದಿನಂತೆ ಕೂಗಿದಳು.

"ಕೋಮಲಾ, ಅಳಿಯಂದ್ರು ಬಂದವ್ರೆ. ಒಳೀಕ್ ಬರ್ಬೋದಾ ಅಂತ ಕೇಳ್ತಾವ್ರೆ."

ಕೋಮಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಗಂಡನನ್ನು ನೋಡಿದಳು, ಬ್ಯಾಗನ್ನು ನೋಡಿದಳು.

"ಇವತ್ ಬ್ಯಾಡ," ಎಂದಳು.

ತಿಲಕ್‌ಗೆ ಅರ್ಥವಾಗಲಿಲ್ಲ. "ಏನು?"

"ಇವತ್ ಬ್ಯಾಡ ಅಂದೆ. ಬರೋ ವಾರ ಬನ್ನಿ."

ಹೋಗ್ತೀನಿ ಎಂದದ್ದಕ್ಕೆ ಕೈ ಮುರಿದವನ ಮುಂದೆ ನಿಂತು ಅವಳು ಬೇಡ ಎನ್ನುತ್ತಿದ್ದಳು. ತಿಲಕ್‌ನ ಮುಖ ಕೆಂಪಗಾಯಿತು. ಗೇಟಿನ ಸರಳನ್ನು ಹಿಡಿದ ಅವನ ಕೈಯನ್ನೇ ಎಲ್ಲರೂ ನೋಡುತ್ತಿದ್ದೆವು. ಹನುಮಕ್ಕ ಸೊಸೆಯ ಪಕ್ಕಕ್ಕೆ ಬಂದು ನಿಂತಳು. ಅವಳ ಇಷ್ಟು ದಿನದ ಹಟ, ಹರಕೆ, ಮಗನನ್ನು ಅಳಿಯನೆನ್ನುವ ಸಂಕಟ ಎಲ್ಲದರ ಫಲ ಈಗ ಗೊತ್ತಾಗಬೇಕಿತ್ತು. ನಾನು ಮಂತ್ರಾಲಯದ ರಾಯರನ್ನು ನೆನೆದೆ.

ತಿಲಕ್ ಸರಳಿನಿಂದ ಕೈ ತೆಗೆದ. "ಆಯ್ತು," ಎಂದ. "ಬರೋ ವಾರ ಬತ್ತೀನಿ. ಅವತ್ತೂ ಕೇಳ್ತೀನಿ." ತಾನೇ ತೆರೆದಿದ್ದ ಗೇಟನ್ನು ಮುಚ್ಚಿ, ಸದ್ದಾಗದಂತೆ ಚಿಲಕ ಹಾಕಿ, ಬ್ಯಾಗನ್ನು ಬೈಕಿಗೆ ಕಟ್ಟಿಕೊಂಡು ಹೋದ. ಬೀದಿಯ ತಿರುವಿನವರೆಗೂ ಬೈಕು ಮೆಲ್ಲಗೇ ಹೋಯಿತು.

ಕೋಮಲಾ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಅತ್ತೆ, ಬಾ ಅಂತ್ಲೇ ಅನ್ಬೇಕು ಅಂತಿದ್ದೆ. ಬ್ಯಾಡ ಅಂದ್ರೆ ಏನಾಯ್ತದೆ ಅಂತ ನೋಡ್ದೆ ಹೆಂಗೆ ಬಾ ಅನ್ನಾಕಾಯ್ತದೆ ಅನ್ನಿಸ್ಬುಡ್ತು."

"ಏನಾಯ್ತು?" ಎಂದಳು ಹನುಮಕ್ಕ.

"ಏನೂ ಆಗ್ನಿಲ್ಲ ಅತ್ತೆ." ಅಳುತ್ತಲೇ ನಕ್ಕಳು ಕೋಮಲಾ. "ಏನೂ ಆಗ್ನಿಲ್ಲ."

ಹನುಮಕ್ಕ ಅವಳ ತಲೆಯನ್ನು ಎದೆಗೊತ್ತಿಕೊಂಡು ಏನೋ ಹೇಳಿದಳು. ನನಗೆ ಮೇಲೆ ಕೇಳಿಸಲಿಲ್ಲ. ಕೋಮಲಾಳಿಗೂ ಕೇಳಿಸಲಿಲ್ಲವೆಂದು ಕಾಣುತ್ತದೆ, ಏನು ಅತ್ತೆ ಎಂದು ಮತ್ತೆ ಕೇಳಿದಳು. ಒಳಗೆ ಟೀವಿಯಲ್ಲಿ ಬೆಕ್ಕು ಇಲಿಯ ಹಿಂದೆ ಓಡುವ ಗದ್ದಲ ವಠಾರವೇ ಹಾರಿಹೋಗುವಂತಿತ್ತು. ಬೈಕು ಬಂದು ನಿಂತಾಗಲೂ ಅದು ಹಾಗೇ ಇತ್ತು, ಅಪ್ಪ ಗೇಟಿನಲ್ಲಿದ್ದಷ್ಟು ಹೊತ್ತೂ ಹಾಗೇ ಇತ್ತು ಎಂದು ನನಗೆ ಆಗಲೇ ಹೊಳೆದದ್ದು.

ಕೋಮಲಾ ಕಣ್ಣು ಒರೆಸಿಕೊಂಡು ಒಳಗೆ ತಿರುಗಿ ಕೂಗಿದಳು. "ಸಿಂಚನಾ, ಸೌಂಡ್ ಕಮ್ಮಿ ಮಾಡೇ, ಕಿವಿ ತೂತಾಗೋಯ್ತು!"

ಆ ಮನೆಯಲ್ಲಿ ಆ ಮಗುವಿಗೆ ಆ ಮಾತನ್ನು ಹೇಳಬೇಕಾಗಿ ಬಂದದ್ದು ಅದೇ ಮೊದಲು.